ಶುಗರ್ ಬೇರೆ, ಜೀವಕೋಶದ ಸಕ್ಕರೆ ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಡೆಂಗ್ಯೂ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ನಮ್ಮ ರಕ್ತದ ಪ್ರತಿಕಾಯಗಳ (ರೋಗಾಣುಗಳನ್ನು ಹಿಡಿಯುವ ಪ್ರೋಟೀನುಗಳು) ಮೈಮೇಲೆ ಸಕ್ಕರೆಯ ಸರಗಳಿರುತ್ತವೆ, ಆ ಸರ ಬದಲಾದರೆ ಪ್ರತಿಕಾಯ ಮಾಡುವ ಕೆಲಸವೂ ಬದಲಾಗುತ್ತದೆ, ರೋಗನಿರೋಧಕ ಕೋಶಗಳ ಬೆಳವಣಿಗೆಯನ್ನೂ ಇಂಥ ಸಕ್ಕರೆಗಳೇ ನಿರ್ಧರಿಸುತ್ತವೆ ಅಂತ. ಆ ಒಂದು ಸಾಲಿಗೇ ಹಾಸನ, ಚಿಕ್ಕಮಗಳೂರು ಕಡೆಯಿಂದ ತುಂಬಾ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ತುಂಬಾ ವರ್ಷದಿಂದ ಶುಗರ್ ಇದೆ. ಮೊನ್ನೆ ಎಚ್‌ಬಿಎ1ಸಿ 9 ಬಂತು. "ಸಕ್ಕರೆ ಪ್ರೋಟೀನಿಗೆ ಅಂಟಿಕೊಂಡಿದೆ" ಅಂದರು ಡಾಕ್ಟರು. ನೀವು ಬರೆದ ಸಕ್ಕರೆಯೂ ಇದೇನಾ? ಹಾಗಿದ್ದರೆ ಅದು ಇರುವುದು ಒಳ್ಳೆಯದಾ, ಕೆಟ್ಟದ್ದಾ? – ಕಡೂರು

ಉತ್ತರ: ಎರಡೂ ಬೇರೆ ಬೇರೆ. ಇದನ್ನು ಮೊದಲೇ ಬಿಡಿಸಿಕೊಳ್ಳದಿದ್ದರೆ ಮುಂದಿನದ್ದೆಲ್ಲ ಗೋಜಲಾಗುತ್ತದೆ, ಅದಕ್ಕೇ ನಿಮ್ಮ ಪತ್ರವನ್ನು ಮೊದಲು ತಗೊಂಡೆ.

ಅತ್ತೆಯವರ ರಿಪೋರ್ಟಿನಲ್ಲಿರುವುದು ಹೀಗೆ. ರಕ್ತದಲ್ಲಿರುವ ಗ್ಲೂಕೋಸ್ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ತಾನಾಗೇ ಅಂಟಿಕೊಳ್ಳುತ್ತದೆ. ಅಂಟಿಸುವವರು ಯಾರೂ ಬೇಕಿಲ್ಲ, ಕಿಣ್ವವೂ (ದೇಹದ ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನು, ಎಂಜೈಮ್) ಬೇಕಿಲ್ಲ. ಗ್ಲೂಕೋಸ್ ಜಾಸ್ತಿ ಇದ್ದಷ್ಟೂ ಅಂಟುವುದು ಜಾಸ್ತಿ, ಅಷ್ಟೇ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು ಮೂರು ತಿಂಗಳು ಶುಗರ್ ಹೇಗಿತ್ತು ಅನ್ನುವುದು ಗೊತ್ತಾಗುತ್ತದೆ. ಇದು ಗ್ಲೈಕೇಷನ್. ಹೀಗೆ ಕಂಡಕಂಡಲ್ಲಿ ಅಂಟುವುದರಿಂದ ರಕ್ತನಾಳ, ಕಣ್ಣು, ಕಿಡ್ನಿ ಎಲ್ಲಕ್ಕೂ ತೊಂದರೆ.

ನಾನು ಬರೆದದ್ದು ಗ್ಲೈಕೋಸಿಲೇಷನ್ ಬಗ್ಗೆ. ಅಲ್ಲಿ ಜೀವಕೋಶವೇ ಮುಂದೆ ನಿಂತು ಕೆಲಸ ಮಾಡಿಸುತ್ತದೆ. ಯಾವ ಪ್ರೋಟೀನಿಗೆ, ಅದರ ಯಾವ ಜಾಗಕ್ಕೆ, ಯಾವ ಸಕ್ಕರೆ, ಅದಾದ ಮೇಲೆ ಯಾವುದು ಅನ್ನುವುದಕ್ಕೆಲ್ಲ ಬೇರೆ ಬೇರೆ ಕಿಣ್ವಗಳಿವೆ. ಇದಕ್ಕೆ ಬೇಕಾದ ಸಕ್ಕರೆಗಳನ್ನು ಕೋಶವು ಗ್ಲೂಕೋಸಿನಿಂದಲೇ ತಯಾರಿಸಿಕೊಳ್ಳುತ್ತದೆ. ಆ ಗ್ಲೂಕೋಸ್ ರಾಗಿ ಮುದ್ದೆಯಿಂದ ಬಂದರೂ ಒಂದೇ, ಅನ್ನದಿಂದ ಬಂದರೂ ಒಂದೇ. ಸಿಹಿ ತಿಂದರೆ ಇಮ್ಯುನಿಟಿ ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಶುಗರ್ ಏರಿದ್ದಾಗ ಬಿಳಿ ರಕ್ತಕಣಗಳ ಕೆಲಸ ಮಂದವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಅತ್ತೆಯವರ ಪಾದ ದಿನಾ ನೋಡಿ. ಸಣ್ಣ ಗುಳ್ಳೆ ಕಂಡರೂ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನೀಟ್‌ಗೆ ಓದ್ತಾ ಇದ್ದೀನಿ. ಗಾಲ್ಗಿ ಪಾಠದಲ್ಲಿ ಗ್ಲೈಕೋಸಿಲೇಷನ್ ಅಂತ ಒಂದೇ ಒಂದು ಸಾಲು ಇದೆ. ನಿಜಕ್ಕೂ ಅಲ್ಲಿ ಏನು ನಡೆಯುತ್ತೆ? – ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ನೋಡಮ್ಮ, ಆ ಒಂದು ಸಾಲಿನ ಹಿಂದೆ ದೊಡ್ಡ ಕಾರ್ಖಾನೆಯೇ ಇದೆ, ಅದರ ಕೆಲಸಗಾರರು ಕಿಣ್ವಗಳು. ಕೆಲಸ ಶುರುವಾಗುವುದು ಗಾಲ್ಗಿಗಿಂತ (ಕೋಶದೊಳಗೆ ಪ್ರೋಟೀನುಗಳನ್ನು ತಿದ್ದಿ ಕಳಿಸುವ ಭಾಗ) ಮೊದಲೇ, ಇಂಥ ಪ್ರೋಟೀನುಗಳು ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ. ಅಲ್ಲಿ 14 ಸಕ್ಕರೆಗಳ ಒಂದು ಗೊಂಚಲು ಮೊದಲೇ ತಯಾರಾಗಿರುತ್ತದೆ: 2 ಎನ್-ಅಸಿಟೈಲ್‌ಗ್ಲೂಕೋಸಮೈನ್, 9 ಮ್ಯಾನೋಸ್, 3 ಗ್ಲೂಕೋಸ್. ಪ್ರೋಟೀನು ತನ್ನನ್ನು ಕಟ್ಟುವ ರೈಬೋಸೋಮಿನಿಂದ ಇನ್ನೂ ಹೊರಬರುತ್ತಿರುವಾಗಲೇ ಇಡೀ ಗೊಂಚಲನ್ನು ಒಂದೇ ಸಲಕ್ಕೆ ಅದರ ಆಸ್ಪರಜಿನ್ ಅನ್ನುವ ಅಮೈನೋ ಆಮ್ಲಕ್ಕೆ ಜೋಡಿಸುತ್ತಾರೆ. ಎಲ್ಲ ಆಸ್ಪರಜಿನ್‌ಗೂ ಅಲ್ಲ. ಅದರ ಪಕ್ಕ ಪ್ರೋಲಿನ್ ಬಿಟ್ಟು ಬೇರೆ ಯಾವುದಾದರೂ ಒಂದು, ಅದರಾಚೆ ಸೆರಿನ್ ಅಥವಾ ಥ್ರಿಯೋನಿನ್ ಇರಬೇಕು. ಇದನ್ನು ನೆನಪಿಟ್ಟುಕೋ, ಪರೀಕ್ಷೆಗೂ ಆಗುತ್ತದೆ.

ಆಮೇಲೆ ಮೂರು ಗ್ಲೂಕೋಸನ್ನು ಕತ್ತರಿಸುತ್ತಾರೆ. ಪ್ರೋಟೀನು ಸರಿಯಾಗಿ ಮಡಚಿಕೊಂಡಿದೆಯಾ ಅಂತ ಪರೀಕ್ಷಿಸುವುದೂ ಈ ಹಂತದಲ್ಲೇ. ಪಾಸಾದದ್ದು ಗಾಲ್ಗಿಗೆ ಹೋಗುತ್ತದೆ. ಅಲ್ಲಿ ಮ್ಯಾನೋಸ್ ಕಡಿಮೆ ಮಾಡಿ, ಕೊಂಬೆ ಹೆಚ್ಚಿಸಿ, ಗ್ಯಾಲಕ್ಟೋಸ್, ಫ್ಯೂಕೋಸ್ ಸೇರಿಸಿ, ತುದಿಗೆ ಸಯಾಲಿಕ್ ಆಮ್ಲ ಅನ್ನುವ ಇನ್ನೊಂದು ಸಕ್ಕರೆ ಹಾಕುತ್ತಾರೆ. ಸೆರಿನ್, ಥ್ರಿಯೋನಿನ್‌ಗೆ ಒಂದೊಂದೇ ಸಕ್ಕರೆ ಜೋಡಿಸುತ್ತಾ ಹೋಗುವ ಇನ್ನೊಂದು ದಾರಿಯೂ ಇದೆ.

ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸುವ ಮಾತು ಇದು. ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಯಾವ ಸಾಲಿನಲ್ಲಿ ಬರಬೇಕು ಅಂತ ಡಿಎನ್ಎಯಲ್ಲಿ ಬರೆದಿದೆ. ಸಕ್ಕರೆಯ ಸರ ಹೇಗಿರಬೇಕು ಅಂತ ಎಲ್ಲೂ ಹಾಗೆ ನೇರವಾಗಿ ಬರೆದಿಲ್ಲ. ಆ ಕೋಶದಲ್ಲಿ ಆ ಹೊತ್ತಿಗೆ ಯಾವ ಕಿಣ್ವ ಎಷ್ಟಿದೆ, ಕಚ್ಚಾ ಸಕ್ಕರೆ ಎಷ್ಟಿದೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ. ಹಾಗಾಗಿ ಒಂದೇ ಪ್ರೋಟೀನು ಎರಡು ಕೋಶಗಳ ಮೇಲೆ ಎರಡು ಥರ ಸಕ್ಕರೆ ಹೊತ್ತಿರಬಹುದು. ಒಂದೇ ಕೋಶ ಬೆಳೆಯುತ್ತಾ ಬೆಳೆಯುತ್ತಾ ತನ್ನ ಸಕ್ಕರೆ ಬದಲಿಸಲೂಬಹುದು. ರೋಗನಿರೋಧಕ ಕೋಶಗಳು ಇದನ್ನೇ ಬಳಸಿಕೊಳ್ಳುವುದು.

ಪ್ರಶ್ನೆ: ಸಕ್ಕರೆ ಹೊರಗಡೆ ಅಂಟಿಕೊಂಡಿರುವ ವಸ್ತು. ಅದು ಕೋಶದ ಬೆಳವಣಿಗೆಯನ್ನೇ ನಿರ್ಧರಿಸುತ್ತದೆ ಅಂದರೆ ನಂಬುವುದು ಕಷ್ಟ. ಒಂದು ಉದಾಹರಣೆ ಕೊಟ್ಟು ವಿವರಿಸಿ. – ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಒಂದಲ್ಲ, ಎರಡು ಮೂರು ಕೊಡುತ್ತೇನೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗವೇ ಇದು.

ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಅಂಗವಿದೆ. ಮಕ್ಕಳಲ್ಲಿ ದೊಡ್ಡದಾಗಿರುತ್ತದೆ, ವಯಸ್ಸಾದ ಹಾಗೆ ಕುಗ್ಗುತ್ತದೆ. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಎಳೆ ಕೋಶಗಳು ಇಲ್ಲಿಗೆ ಬಂದು ಟಿ ಕೋಶಗಳಾಗುತ್ತವೆ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ). ಬಂದಾಗ ಅವು ಏನಾಗಬೇಕು ಅಂತ ಇನ್ನೂ ಗಟ್ಟಿಯಾಗಿರುವುದಿಲ್ಲ. ಅವುಗಳ ಮೈಮೇಲೆ ನಾಚ್ ಅನ್ನುವ ಪ್ರೋಟೀನಿದೆ. ಥೈಮಸ್‌ನ ಗೋಡೆ ಕೋಶಗಳ ಮೇಲೆ ಡಿಎಲ್ಎಲ್4 ಅನ್ನುವ ಇನ್ನೊಂದು ಪ್ರೋಟೀನಿದೆ. ಇವೆರಡೂ ಹಿಡಿದುಕೊಂಡರೆ "ನೀನು ಟಿ ಕೋಶವಾಗು" ಅನ್ನುವ ಸಂದೇಶ ಒಳಗೆ ಹೋಗುತ್ತದೆ. ಇಲಿಗಳಲ್ಲಿ ನಾಚ್1 ತೆಗೆದು ನೋಡಿದ್ದಾರೆ. ಟಿ ಕೋಶಗಳು ಬರಲೇ ಇಲ್ಲ, ಥೈಮಸ್‌ನ ಒಳಗೇ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬೆಳೆದವು.

ಸಕ್ಕರೆ ಬರುವುದು ಇಲ್ಲೇ. ನಾಚ್ ಮೇಲೆ ಒಂದು ಕಿಣ್ವ ಫ್ಯೂಕೋಸ್ ಇಡುತ್ತದೆ. ಲುನಾಟಿಕ್ ಫ್ರಿಂಜ್ ಅನ್ನುವ ಇನ್ನೊಂದು ಕಿಣ್ವ ಆ ಫ್ಯೂಕೋಸ್ ಮೇಲೆ ಎನ್-ಅಸಿಟೈಲ್‌ಗ್ಲೂಕೋಸಮೈನ್ ಇಡುತ್ತದೆ. ಆ ಎರಡನೇ ಸಕ್ಕರೆ ಬಿದ್ದರೆ ನಾಚ್ ಡಿಎಲ್ಎಲ್4 ಅನ್ನು ಬಿಗಿಯಾಗಿ ಹಿಡಿಯುತ್ತದೆ, ಬೀಳದಿದ್ದರೆ ಹಿಡಿತ ಸಡಿಲ. ಪ್ರೋಟೀನು ಅದೇ, ಜೀನೂ ಅದೇ. ಒಂದು ಸಕ್ಕರೆ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಳೆ ಕೋಶದ ಹಣೆಬರಹ ತಿರುಗುತ್ತದೆ.

ಮುಂದಿನದ್ದು ಕಡಲೆಕಾಯಿಯ ಕಥೆ. ಕಡಲೆಕಾಯಿ ಬೀಜದಲ್ಲಿ ಒಂದು ಲೆಕ್ಟಿನ್ ಇದೆ. ಲೆಕ್ಟಿನ್ ಅಂದರೆ ಇಂಥದ್ದೇ ಸಕ್ಕರೆ ಅಂತ ಗುರುತು ಹಿಡಿದು ಅಂಟುವ ಪ್ರೋಟೀನು. ಥೈಮಸ್‌ನ ಹೊರಪದರದಲ್ಲಿರುವ ಎಳೆ ಕೋಶಗಳಿಗೆ ಈ ಕಡಲೆಕಾಯಿ ಲೆಕ್ಟಿನ್ ಚೆನ್ನಾಗಿ ಅಂಟುತ್ತದೆ. ಬಲಿತು ಒಳಭಾಗಕ್ಕೆ ಬಂದ ಕೋಶಗಳಿಗೆ ಅಂಟುವುದಿಲ್ಲ. ಯಾಕೆಂದರೆ ಬಲಿಯುವಾಗ ಕೋಶ ತನ್ನ ಗ್ಯಾಲಕ್ಟೋಸ್ ತುದಿಗಳ ಮೇಲೆ ಸಯಾಲಿಕ್ ಆಮ್ಲ ಹಾಕಿ ಮುಚ್ಚಿಬಿಟ್ಟಿರುತ್ತದೆ, ಲೆಕ್ಟಿನ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. 1976ರಲ್ಲೇ ಇಸ್ರೇಲಿನ ವಿಜ್ಞಾನಿಗಳು ಕಡಲೆಕಾಯಿ ಲೆಕ್ಟಿನ್ ಬಳಸಿ ಎಳೆಯವನ್ನೂ ಬಲಿತವನ್ನೂ ಬೇರೆ ಮಾಡಿ ತೋರಿಸಿದರು. ಹಾಗಾದರೆ ಈ ಮುಚ್ಚಳ ಸುಮ್ನೆ ಒಂದು ಗುರುತು ಮಾತ್ರವಾ? ಅಲ್ಲ. ಅದನ್ನು ಹಾಕುವ ಕಿಣ್ವ ಇಲ್ಲದ ಇಲಿಗಳಲ್ಲಿ, ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳು ಥೈಮಸ್ ಬಿಟ್ಟು ಹೊರಬಂದ ಮೇಲೆ ಉಳಿಯದೆ ಸತ್ತುಹೋಗುತ್ತವೆ.

ಬೆಳೆದ ಮೇಲೂ ಸಕ್ಕರೆಯ ಹಿಡಿತ ಬಿಡುವುದಿಲ್ಲ. ಟಿ ಕೋಶದ ಗ್ರಾಹಕ (ಹೊರಗಿನ ಸಂದೇಶ ಹಿಡಿಯುವ) ಪ್ರೋಟೀನಿನ ಮೇಲೆ ಕೊಂಬೆ ಜಾಸ್ತಿ ಇರುವ ಸಕ್ಕರೆ ಸರಗಳಿದ್ದರೆ, ಗ್ಯಾಲೆಕ್ಟಿನ್ ಅನ್ನುವ ಪ್ರೋಟೀನುಗಳು ಅವನ್ನು ಹಿಡಿದು ಗ್ರಾಹಕಗಳು ಒಂದೆಡೆ ಗುಂಪುಗೂಡದ ಹಾಗೆ ತಡೆಯುತ್ತವೆ. ಕೋಶ ಸುಮ್ಮಸುಮ್ಮನೆ ಕೆರಳುವುದಿಲ್ಲ. ಕೊಂಬೆ ಬೆಳೆಸುವ ಎಂಗ್ಯಾಟ್5 ಕಿಣ್ವ ಇಲ್ಲದ ಇಲಿಗಳಲ್ಲಿ ಟಿ ಕೋಶಗಳು ಸಣ್ಣದಕ್ಕೂ ಎಗರಿ, ಸ್ವಂತ ದೇಹದ ಮೇಲೇ ಬೀಳುತ್ತವೆ ಅಂತ 2001ರಲ್ಲಿ ಪ್ರಕಟವಾಯಿತು.

ಇನ್ನು ಸಕ್ಕರೆ ಹೊರಗಡೆ ಮಾತ್ರ ಇರುತ್ತದೆ ಅಂತ ನೀವು ಬರೆದಿದ್ದೀರಿ. ಬಹಳ ಕಾಲ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. 1984ರಲ್ಲಿ ಗೆರಾಲ್ಡ್ ಹಾರ್ಟ್ ಮತ್ತು ಅವರ ಜೊತೆಗಾರರು ಓ-ಗ್ಲಿಕ್‌ನ್ಯಾಕ್ ಅನ್ನುವ ಒಂಟಿ ಸಕ್ಕರೆಯ ಬಗ್ಗೆ ಬರೆದರು. ಅದು ಕೋಶದ ಒಳಗೆ, ನ್ಯೂಕ್ಲಿಯಸ್‌ನಲ್ಲೂ ಇರುವ ಪ್ರೋಟೀನುಗಳ ಮೇಲೆ ಕೂರುತ್ತದೆ. ಅವರು ಆಗ ಪರೀಕ್ಷಿಸುತ್ತಿದ್ದದ್ದು ಟಿ ಕೋಶ, ಬಿ ಕೋಶಗಳ ಬಳಗವಾದ ಇಲಿಯ ಲಿಂಫೋಸೈಟ್‌ಗಳನ್ನೇ. ಟಿ ಕೋಶ ಎಚ್ಚೆತ್ತಾಗ ಗ್ಲೂಕೋಸನ್ನು ಗಬಗಬ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಈ ಸಕ್ಕರೆಗೆ ಹೋಗುತ್ತದೆ. ಇದನ್ನು ಕೂರಿಸುವ ಕಿಣ್ವ ಇಲ್ಲದಿದ್ದರೆ ಟಿ ಕೋಶ ಎಚ್ಚೆತ್ತರೂ ಹೆಚ್ಚಿಕೊಳ್ಳಲಾರದು.

ಪ್ರಶ್ನೆ: ರಕ್ತದಾನ ಶಿಬಿರದಲ್ಲಿ ನನ್ನದು ಎ1 ಪಾಸಿಟಿವ್ ಅಂದರು. ಅದನ್ನು ಹುರುಳಿ ಕಾಳಿನಿಂದ ಕಂಡುಹಿಡಿಯುತ್ತಾರೆ ಅಂತ ಟೆಕ್ನಿಷಿಯನ್ ಹೇಳಿದ್ದು ನಿಜವಾ? – ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ನಿಜ. ನಾವು ಕಟ್ಟು ಬಸಿದು ಸಾರು ಮಾಡುವ ಅದೇ ಹುರುಳಿ.

ಎ, ಬಿ, ಓ ರಕ್ತದ ಗುಂಪು ಅನ್ನುವುದೇ ಸಕ್ಕರೆಯ ವಿಷಯ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗುಂಪುಗಳನ್ನು ವಿವರಿಸಿದರು, 1930ರಲ್ಲಿ ಅದಕ್ಕೆ ನೊಬೆಲ್ ಬಂತು. ಕೆಂಪು ಕಣದ ಮೇಲೆ ಫ್ಯೂಕೋಸ್ ಇರುವ ಒಂದು ಸರ ಇದೆ, ಅದಕ್ಕೆ ಎಚ್ ಅಂತ ಹೆಸರು. ಅದರ ಮೇಲೆ ಎನ್-ಅಸಿಟೈಲ್‌ಗ್ಯಾಲಕ್ಟೋಸಮೈನ್ ಇಟ್ಟರೆ ಎ ಗುಂಪು, ಗ್ಯಾಲಕ್ಟೋಸ್ ಇಟ್ಟರೆ ಬಿ, ಎರಡೂ ಇದ್ದರೆ ಎಬಿ, ಏನೂ ಇಡದೆ ಎಚ್ ಹಾಗೇ ಉಳಿದರೆ ಓ. ಎ ಗುಂಪಿನಲ್ಲೂ ಎ1, ಎ2 ಅಂತ ಇದೆ. ಎ1 ಕಣದ ಮೇಲೆ ಇಂಥ ಜಾಗಗಳು 8ರಿಂದ 11 ಲಕ್ಷ, ಎ2 ಕಣದ ಮೇಲೆ 2.5 ಲಕ್ಷದ ಆಸುಪಾಸು.

ಹುರುಳಿಯಲ್ಲಿರುವ ಲೆಕ್ಟಿನ್ ಆ ಎನ್-ಅಸಿಟೈಲ್‌ಗ್ಯಾಲಕ್ಟೋಸಮೈನನ್ನೇ ಹುಡುಕಿ ಹಿಡಿಯುತ್ತದೆ. ಕಾಳನ್ನು ಪುಡಿ ಮಾಡಿ, ಉಪ್ಪುನೀರಿನಲ್ಲಿ ನೆನೆಸಿ, ತಿಳಿ ಸೋಸಿ, ಹದವಾಗಿ ತೆಳು ಮಾಡಿಕೊಳ್ಳುತ್ತಾರೆ. ಬಿಳಿ ಟೈಲ್ ಮೇಲೆ ಒಂದು ತೊಟ್ಟು ರಕ್ತಕಣ, ಪಕ್ಕದಲ್ಲಿ ಒಂದು ತೊಟ್ಟು ಹುರುಳಿ ತಿಳಿ. ಕಡ್ಡಿಯಲ್ಲಿ ಕಲಸಿ ಟೈಲನ್ನು ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಬೇಕು. ಎ2 ಆದರೆ ಕೆಂಪು ನೀರು ಸಮನಾಗಿ ಹರಡಿಕೊಂಡೇ ಇರುತ್ತದೆ. ಎ1 ಆದರೆ ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಕೆಂಪು ಹರಳುಗಳು ಕಾಣಿಸಿಕೊಂಡು, ಒಂದಕ್ಕೊಂದು ಸೇರಿ, ನಡುವೆ ನೀರು ತಿಳಿಯಾಗುತ್ತದೆ. ತಿಳಿ ಗಟ್ಟಿಯಾಗಿದ್ದರೆ ಎ2 ಕೂಡ ಕಟ್ಟಿಬಿಡುತ್ತದೆ, ಅದಕ್ಕೇ ಹದ ಮುಖ್ಯ. ಹುರುಳಿಯ ಈ ಗುಣವನ್ನು ಜಿ. ಡಬ್ಲ್ಯು. ಜಿ. ಬರ್ಡ್ ಅನ್ನುವ ವೈದ್ಯರು 1951ರಲ್ಲಿ ಬರೆದರು, ಅದು ಅಚ್ಚಾಗಿದ್ದು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ.

ಮರುವರ್ಷ, 1952ರಲ್ಲಿ, ಮುಂಬೈಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇನ್ನೊಂದು ವಿಚಿತ್ರ ಗುಂಪನ್ನು ಕಂಡರು. ಅವರಲ್ಲಿ ಎ ಇಲ್ಲ, ಬಿ ಇಲ್ಲ, ಕೆಳಗಿನ ಎಚ್ ಕೂಡ ಇಲ್ಲ. ಅದೇ ಬಾಂಬೆ ರಕ್ತದ ಗುಂಪು. ಕೆಂಪು ಕಣವನ್ನು ಮಾಮೂಲಿ ಎ, ಬಿ ಪರೀಕ್ಷೆಗೆ ಹಾಕಿದರೆ ಓ ಥರವೇ ಕಾಣುತ್ತದೆ. ಆದರೆ ಇವರ ರಕ್ತದಲ್ಲಿ ಎಚ್ ವಿರುದ್ಧ ಪ್ರತಿಕಾಯಗಳು ಇರುವುದರಿಂದ ಓ ರಕ್ತ ಕೊಟ್ಟರೂ ಜೀವಕ್ಕೆ ಅಪಾಯ, ಬಾಂಬೆ ಗುಂಪಿನವರದ್ದೇ ಬೇಕು. ನಮ್ಮ ದೇಶದಲ್ಲಿ ಸುಮಾರು 10,000ಕ್ಕೆ ಒಬ್ಬರು ಅಂತ ಅಂದಾಜು. ರಕ್ತ ಕೊಡುವ ಮುಂಚೆ ಹೊಂದುತ್ತದಾ ಅಂತ ನೋಡುವ ಯಾವುದೇ ಕ್ರಾಸ್ ಮ್ಯಾಚಿಂಗ್‌ನಲ್ಲಿ "ಓ ಅಂತ ಇದೆ, ಆದರೂ ಹೊಂದುತ್ತಿಲ್ಲ" ಅಂದರೆ ಇದನ್ನು ಪರೀಕ್ಷಿಸಲು ಕೇಳಿ. ನೀವು ರಕ್ತ ಕೊಡುವವರು, ನಾಲ್ಕು ಜನಕ್ಕೆ ಇದನ್ನು ಹೇಳಿ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಅಂಗನವಾಡಿಗೆ ಹೋಗಲು ಶುರು ಮಾಡಿದಾಗಿಂದ ತಿಂಗಳು ತಿಂಗಳು ನೆಗಡಿ, ಜ್ವರ. ಇದು ಈ ಸಕ್ಕರೆ ದೋಷ ಇರಬಹುದಾ? – ತಾಯಿ, ಕೊಪ್ಪ

ಉತ್ತರ: ಹೆದರಬೇಡಿ ತಾಯಿ. ಆ ವಯಸ್ಸಿನಲ್ಲಿ, ಬೇರೆ ಮಕ್ಕಳ ಜೊತೆ ಸೇರಲು ಶುರು ಮಾಡಿದಾಗ, ವರ್ಷಕ್ಕೆ ಹಲವು ಸಲ ನೆಗಡಿಯಾಗುವುದು ಮಾಮೂಲು. ಮಗು ನಡುನಡುವೆ ಪೂರ್ತಿ ಹುಷಾರಾಗುತ್ತಿದ್ದು, ತೂಕ, ಎತ್ತರ ಸರಿಯಾಗಿ ಏರುತ್ತಿದ್ದರೆ ಚಿಂತೆ ಬೇಡ. ವರ್ಷಕ್ಕೆ ಎರಡು ಸಲ ನ್ಯುಮೋನಿಯಾ, ಪದೇ ಪದೇ ಆಳವಾದ ಕುರು, ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಟ್ಟರೂ ವಾಸಿಯಾಗದಿರುವುದು, ಮಗು ಬೆಳೆಯದಿರುವುದು, ಇವು ಕಂಡರೆ ಮಾತ್ರ ಮಕ್ಕಳ ತಜ್ಞರಿಗೆ "ಇಮ್ಯುನಿಟಿ ಪರೀಕ್ಷೆ ಬೇಕಾ?" ಅಂತ ನೇರವಾಗಿ ಕೇಳಿ.

ನೀವು ಕೇಳಿದ ಸಕ್ಕರೆ ದೋಷಗಳು ಇವೆ, ಆದರೆ ಬಹಳ ಬಹಳ ಅಪರೂಪ. ಒಂದರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದು ಮೇಲಿನ ಬಾಂಬೆ ಗುಂಪಿಗೆ ತಗುಲುತ್ತದೆ. ಮುಳ್ಳು ಚುಚ್ಚಿ ಕೀವಾಗುವ ಜಾಗಕ್ಕೆ ಬಿಳಿ ರಕ್ತಕಣ ತಲುಪಬೇಕಾದರೆ, ಜೋರಾಗಿ ಹರಿಯುವ ರಕ್ತದಲ್ಲಿ ಅದು ಮೊದಲು ನಿಧಾನವಾಗಬೇಕು. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಗೇರ್ ಇಳಿಸಿಕೊಂಡು ಉರುಳುವ ಹಾಗೆ, ಬಿಳಿ ಕಣ ರಕ್ತನಾಳದ ಗೋಡೆ ಹಿಡಿದು ಉರುಳುತ್ತಾ ಬಂದು, ನಿಂತು, ಗೋಡೆ ದಾಟಿ ಹೊರಗಿಳಿಯುತ್ತದೆ. ಗೋಡೆಯ ಮೇಲಿರುವ, ಸಕ್ಕರೆ ಹಿಡಿಯುವ ಪ್ರೋಟೀನುಗಳಾದ ಸೆಲೆಕ್ಟಿನ್‌ಗಳು ಬಿಳಿ ಕಣವನ್ನು ಹಿಡಿಯುವುದು ಅದರ ಮೈಮೇಲಿನ ಫ್ಯೂಕೋಸ್ ಇರುವ ಒಂದು ಸಕ್ಕರೆಯಿಂದ. 1992ರಲ್ಲಿ ಇಬ್ಬರು ಮಕ್ಕಳಲ್ಲಿ ಇದೇ ಇಲ್ಲದ್ದು ಪತ್ತೆಯಾಯಿತು. ಫ್ಯೂಕೋಸನ್ನು ಗಾಲ್ಗಿಯ ಒಳಗೆ ಸಾಗಿಸುವ ಪ್ರೋಟೀನೇ ಕೆಟ್ಟಿರುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಂಥ ಮಕ್ಕಳ ರಕ್ತದಲ್ಲಿ ಬಿಳಿ ಕಣ ಬೇಕಾದಷ್ಟು, ಮಾಮೂಲಿಗಿಂತ ಜಾಸ್ತಿಯೇ, ಆದರೆ ಸೋಂಕಾದ ಜಾಗದಲ್ಲಿ ಕೀವೇ ಆಗುವುದಿಲ್ಲ, ಕಣಗಳು ಅಲ್ಲಿ ಇಳಿಯಲಾರವು. ಎಚ್ ಸರಕ್ಕೂ ಫ್ಯೂಕೋಸ್ ಬೇಕಲ್ವಾ, ಹಾಗಾಗಿ ಇವರ ರಕ್ತದ ಗುಂಪೂ ಬಾಂಬೆ. ಬಾಯಿಂದ ಫ್ಯೂಕೋಸ್ ಕೊಟ್ಟಾಗ ಕೆಲವು ಮಕ್ಕಳಿಗೆ ಸೋಂಕು ಕಡಿಮೆಯಾಗಿದೆ. ಇದನ್ನು ಓದಿ ಮಾಮೂಲಿ ಬಾಂಬೆ ಗುಂಪಿನವರು ಗಾಬರಿಯಾಗಬೇಡಿ. ಅವರಲ್ಲಿ ಕೆಟ್ಟಿರುವುದು ಎಚ್ ಕಟ್ಟುವ ಕಿಣ್ವ ಮಾತ್ರ, ಬಿಳಿ ಕಣಗಳು ಚೆನ್ನಾಗೇ ಇರುತ್ತವೆ.

ಪ್ರಶ್ನೆ: ನನಗೆ ರುಮಟಾಯ್ಡ್ ಕೀಲುನೋವು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ನೋವು ಹೆಚ್ಚುಕಡಿಮೆ ಹೋಗೇಬಿಟ್ಟಿತ್ತು. ಬಾಣಂತನದಲ್ಲಿ ಮತ್ತೆ ಬಂತು, ಮಗುವನ್ನು ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ. ಥಂಡಿ ಅಂದರು ಮನೆಯವರು. ನಿಜವಾದ ಕಾರಣ ಏನು? – ಬೇಲೂರು

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಆ ಹೊತ್ತಿನಲ್ಲಿ "ಥಂಡಿ" ಅಂತ ಸುಮ್ಮನಿರಿಸಬಾರದಿತ್ತು. ಗರ್ಭಿಣಿಯಾಗಿದ್ದಾಗ ತಗ್ಗಿ, ಹೆರಿಗೆಯಾದ ಕೆಲವು ತಿಂಗಳೊಳಗೆ ಮತ್ತೆ ಕೆರಳುವುದು ಈ ಕಾಯಿಲೆಯಲ್ಲಿ ತುಂಬಾ ಜನರಿಗೆ ಆಗುತ್ತದೆ, ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ.

ರುಮಟಾಯ್ಡ್ ಅಂದರೆ ರೋಗನಿರೋಧಕ ಶಕ್ತಿ ಸ್ವಂತ ಕೀಲುಗಳ ಮೇಲೇ ಬೀಳುವ ಕಾಯಿಲೆ. ಇದರಲ್ಲಿ ಸಕ್ಕರೆಯ ಪಾಲು ಹೀಗಿದೆ. ಐಜಿಜಿ ಅನ್ನುವ ಪ್ರತಿಕಾಯ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿರುತ್ತದೆ. ಅದರ ಬುಡದಲ್ಲಿ, ಪ್ರೋಟೀನಿನ ಎರಡು ದೊಡ್ಡ ಸರಪಳಿಗಳಲ್ಲೂ (ಹೆವಿ ಚೈನ್) 297ನೇ ಜಾಗದ ಆಸ್ಪರಜಿನ್ ಮೇಲೆ, ಒಂದೊಂದು ಸಕ್ಕರೆ ಸರ ಇರುತ್ತದೆ. ಬುಡದ ಆಕಾರ ಹಿಡಿದಿಡುವುದೇ ಅದು. ಸರದ ತುದಿಯಲ್ಲಿ ಗ್ಯಾಲಕ್ಟೋಸ್ ಇದ್ದರೆ, ಅದರ ಮೇಲೆ ಸಯಾಲಿಕ್ ಆಮ್ಲವೂ ಇದ್ದರೆ, ಪ್ರತಿಕಾಯ ತುಸು ಸೌಮ್ಯ. ರುಮಟಾಯ್ಡ್ ಇರುವವರ ಐಜಿಜಿಯಲ್ಲಿ ಗ್ಯಾಲಕ್ಟೋಸ್ ಕಡಿಮೆ ಇರುತ್ತದೆ ಅಂತ 1985ರಲ್ಲೇ ಆಕ್ಸ್‌ಫರ್ಡಿನ ತಂಡ ತೋರಿಸಿತು. ಗರ್ಭ ನಿಂತಾಗ ಗ್ಯಾಲಕ್ಟೋಸ್ ಏರುತ್ತದೆ, ಹೆರಿಗೆಯ ನಂತರ ಮತ್ತೆ ಇಳಿಯುತ್ತದೆ. ನಿಮ್ಮ ನೋವಿನ ಏರಿಳಿತವೂ ಅದೇ ಲಯದಲ್ಲಿದೆ, ಅಲ್ವಾ? ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಗರ್ಭಕಾಲದಲ್ಲಿ ಹಾರ್ಮೋನುಗಳು, ಟಿ ಕೋಶಗಳು ಎಲ್ಲವೂ ಬದಲಾಗುತ್ತವೆ. ಆದರೆ ನಿಮಗೆ ಆದದ್ದು ಮನಸ್ಸಿನ ಕಲ್ಪನೆ ಅಲ್ಲ, ರಕ್ತದಲ್ಲಿ ಅಳೆದು ನೋಡಬಹುದಾದ ಬದಲಾವಣೆ.

ಮುಂದೆ ಇನ್ನೊಂದು ಮಗು ಬೇಕೆಂದಿದ್ದರೆ ಈಗಲೇ ರುಮಟಾಲಜಿಸ್ಟ್ ಹತ್ತಿರ ಮಾತಾಡಿ. ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ತಗೊಳ್ಳುತ್ತಿದ್ದರೆ ಗರ್ಭ ಧರಿಸುವುದಕ್ಕೆ ಮುಂಚೆಯೇ ಅವರು ಹೇಳಿದ ಹಾಗೆ ನಿಲ್ಲಿಸಬೇಕು, ಬದಲಿಗೆ ಕೊಡುವ ಔಷಧಿಗಳಿವೆ. ಹೆರಿಗೆಯಾದ ಮೇಲೆ ನೋವು ಮರಳುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಹಾಲೂಡಿಸುವಾಗ ಕೊಡಬಹುದಾದ ಮಾತ್ರೆಯನ್ನು ಮುಂಚಿತವಾಗೇ ಯೋಚಿಸಿಡಬಹುದು. ಮನೆಯವರಿಗೂ ಈ ಪುಟ ಓದಲು ಕೊಡಿ.

ಪ್ರಶ್ನೆ: ಡೆಂಗ್ಯೂ ಲೇಖನದಲ್ಲಿ ಸಕ್ಕರೆ ಬದಲಾದರೆ ಪ್ರತಿಕಾಯ ಉಗ್ರವಾಗುತ್ತೆ ಅಂದಿರಿ. ಯಾವ ಸಕ್ಕರೆ? – ಬಯೋಟೆಕ್ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಮತ್ತೆ ಫ್ಯೂಕೋಸೇ. ಐಜಿಜಿ ಬುಡದ ಸರದಲ್ಲಿ ಸಾಮಾನ್ಯವಾಗಿ ಒಂದು ಫ್ಯೂಕೋಸ್ ಇರುತ್ತದೆ. ಅದಿಲ್ಲದಿದ್ದರೆ ಪ್ರತಿಕಾಯವು ಸೋಂಕಾದ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳ ಗ್ರಾಹಕಕ್ಕೆ ಹತ್ತಾರು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕೊಲ್ಲುವ ಕೆಲಸ ಜೋರಾಗುತ್ತದೆ. ತೀವ್ರ ಡೆಂಗ್ಯೂ ಆದವರಲ್ಲಿ, ತೀವ್ರ ಕೋವಿಡ್ ಆದವರಲ್ಲಿ ಹೀಗೆ ಫ್ಯೂಕೋಸ್ ಇಲ್ಲದ ಪ್ರತಿಕಾಯಗಳ ಪಾಲು ಜಾಸ್ತಿ ಕಂಡುಬಂದಿದೆ. ಉರಿಯೂತ ಹದ್ದು ಮೀರಲು ಇದೂ ಸೇರಿಕೊಳ್ಳುತ್ತದೆ.

ಅದೇ ಉಗ್ರತೆಯನ್ನು ಕ್ಯಾನ್ಸರ್ ಔಷಧಿಯಲ್ಲಿ ಬೇಕೆಂದೇ ತರುತ್ತಾರೆ. ಮೊಗಮುಲಿಜುಮ್ಯಾಬ್ 2012ರಲ್ಲಿ ಜಪಾನಿನಲ್ಲಿ, ಒಬಿನುಟುಜುಮ್ಯಾಬ್ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಎರಡರಲ್ಲೂ ಫ್ಯೂಕೋಸನ್ನು ತೆಗೆದಿರುತ್ತಾರೆ ಅಥವಾ ಕಡಿಮೆ ಮಾಡಿರುತ್ತಾರೆ. ನೀನು ಮುಂದೆ ಬೆಂಗಳೂರಿನ ಯಾವುದಾದರೂ ಬಯೋಸಿಮಿಲರ್ (ಮೂಲ ಜೈವಿಕ ಔಷಧಿಯನ್ನು ಹೋಲುವ ಔಷಧಿ) ಕಂಪನಿಗೆ ಸೇರಿದರೆ ಮೊದಲ ದಿನದಿಂದಲೇ ಈ ಸಕ್ಕರೆಗಳ ಲೆಕ್ಕ ನೋಡಬೇಕಾಗುತ್ತದೆ. ಪ್ರೋಟೀನು ಮೂಲ ಔಷಧಿಯ ಹಾಗೇ ಇದ್ದರೆ ಸಾಲದು, ಅದರ ಮೇಲಿನ ಸಕ್ಕರೆಯೂ ಹತ್ತಿರ ಹತ್ತಿರ ಹಾಗೇ ಇರಬೇಕು. ಈಗಿನಿಂದಲೇ ಗ್ಲೈಕೋಬಯಾಲಜಿ (ಜೀವಕೋಶದ ಸಕ್ಕರೆಗಳ ವಿಜ್ಞಾನ) ಓದು, ನಮ್ಮಲ್ಲಿ ಅದನ್ನು ಬಲ್ಲವರು ಇನ್ನೂ ಕಡಿಮೆ.

ಪ್ರಶ್ನೆ: ಲೆಕ್ಟಿನ್ ಅಂದರೆ ವಿಷ, ಹಲಸಿನ ಬೀಜ ತಿನ್ನಬಾರದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಲಸಿನ ಬೀಜದ ಸಾರು ಆಗಾಗ ಮಾಡುತ್ತೇವೆ. – ಮೂಡಿಗೆರೆ

ಉತ್ತರ: ಧಾರಾಳವಾಗಿ ಮಾಡಿ. ಹಲಸಿನ ಬೀಜದಲ್ಲಿ ಜಾಕಲಿನ್ ಅನ್ನುವ ಲೆಕ್ಟಿನ್ ಇರುವುದು ನಿಜ, ಆದರೆ ಬೀಜವನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಲೆಕ್ಟಿನ್‌ನ ಆಕಾರ ಕೆಡುತ್ತದೆ, ಹಿಡಿಯುವ ಶಕ್ತಿ ಹೋಗುತ್ತದೆ. ಕಾಳುಗಳಿಗೂ ಅದೇ ಮಾತು.

ಲ್ಯಾಬಿನಲ್ಲಿ ಮಾತ್ರ ಈ ಜಾಕಲಿನ್ ತುಂಬಾ ಬೆಲೆಯುಳ್ಳದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಅವರ ತಂಡ 1996ರಲ್ಲಿ ಅದರ ಪೂರ್ತಿ ಆಕಾರವನ್ನು ಬಿಡಿಸಿಟ್ಟಿತು. ಕಡಲೆಕಾಯಿ ಲೆಕ್ಟಿನ್‌ನ ಆಕಾರವೂ ಅಲ್ಲೇ 1994ರಲ್ಲಿ ಬಿಡಿಸಿದ್ದು. ಮನುಷ್ಯರ ಐಜಿಎ1 ಪ್ರತಿಕಾಯದ ಕೀಲಿನ ಜಾಗದಲ್ಲಿ ಸಕ್ಕರೆಗಳಿವೆ, ಜಾಕಲಿನ್ ಅವನ್ನು ಹಿಡಿಯುತ್ತದೆ. ಹಾಗಾಗಿ ರಕ್ತದಿಂದ ಐಜಿಎ1 ಬೇರ್ಪಡಿಸಲು ಇದನ್ನು ಬಳಸುತ್ತಾರೆ. ಕೆಲವರಲ್ಲಿ ಆ ಕೀಲಿನ ಸಕ್ಕರೆಗೆ ಗ್ಯಾಲಕ್ಟೋಸ್ ಸರಿಯಾಗಿ ಸೇರಿರುವುದಿಲ್ಲ. ಆಗ ದೇಹ ತನ್ನದೇ ಐಜಿಎ1 ಮೇಲೆ ಪ್ರತಿಕಾಯ ಮಾಡಿಕೊಂಡು, ಎರಡೂ ಗಂಟುಗಂಟಾಗಿ ಕಿಡ್ನಿಯಲ್ಲಿ ಕೂರುತ್ತವೆ. ಅದು ಐಜಿಎ ನೆಫ್ರೋಪಥಿ ಅನ್ನುವ ಕಿಡ್ನಿ ಕಾಯಿಲೆ. ಗಂಟಲು ನೋವು ಬಂದ ಒಂದೆರಡು ದಿನದಲ್ಲೇ ಮೂತ್ರ ಕೆಂಪಗೋ ಕಾಫಿ ಡಿಕಾಕ್ಷನ್ ಬಣ್ಣಕ್ಕೋ ತಿರುಗಿದರೆ ತಡ ಮಾಡದೆ ಮೂತ್ರ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ವಾಟ್ಸಾಪ್‌ನಲ್ಲಿ ಹಂಚಬೇಕಾದ ಮಾತು ಇದು.

ಪ್ರಶ್ನೆ: ಎಂಟು ಸಕ್ಕರೆಗಳ ಪುಡಿ ಅಂತ ಒಬ್ಬರು ಮನೆಗೆ ಬಂದು ಮಾರುತ್ತಿದ್ದಾರೆ. ಜೀವಕೋಶಕ್ಕೆ ಬೇಕಾದ ಸಕ್ಕರೆ ಎಲ್ಲ ಅದರಲ್ಲಿದೆ, ಇಮ್ಯುನಿಟಿ ದುಪ್ಪಟ್ಟಾಗುತ್ತೆ ಅಂತಾರೆ. ಡಬ್ಬಿಗೆ ಸಾವಿರಾರು ರೂಪಾಯಿ. ತಗೊಳ್ಳಲಾ? – ಹೊಳೆನರಸೀಪುರ

ಉತ್ತರ: ಬೇಡ. ಆ ಎಂಟನ್ನೂ ನಿಮ್ಮ ಜೀವಕೋಶ ಮಾಮೂಲಿ ಊಟದ ಗ್ಲೂಕೋಸಿನಿಂದಲೇ ಮಾಡಿಕೊಳ್ಳುತ್ತದೆ. ಮ್ಯಾನೋಸ್ ಅಥವಾ ಫ್ಯೂಕೋಸ್ ಬಾಯಿಂದ ಕೊಟ್ಟು ಉಪಯೋಗವಾಗುವುದು ಹುಟ್ಟಿನಿಂದಲೇ ನಿರ್ದಿಷ್ಟ ಜೀನ್ ಕೆಟ್ಟಿರುವ ಬೆರಳೆಣಿಕೆಯ ಮಕ್ಕಳಿಗೆ. ಅದೂ ಜೀನ್ ಪರೀಕ್ಷೆ ಮಾಡಿ, ರಕ್ತ ನೋಡುತ್ತಾ, ಡಾಕ್ಟರು ಅಳೆದು ಕೊಡುವ ಔಷಧಿ. ಟಿ ಕೋಶದ ಮೇಲೆ ಯಾವ ಸಕ್ಕರೆ ಎಲ್ಲಿ ಕೂರಬೇಕು ಅನ್ನುವುದನ್ನು ಅದರ ಕಿಣ್ವಗಳು ನಿರ್ಧರಿಸುತ್ತವೆ, ಡಬ್ಬಿಯ ಪುಡಿ ಅಲ್ಲ. ಇಮ್ಯುನಿಟಿ ದುಪ್ಪಟ್ಟಾದರೆ ಒಳ್ಳೆಯದೂ ಅಲ್ಲ, ಮೇಲಿನ ಬೇಲೂರಿನ ಪತ್ರ ನೋಡಿ. ಮನೆಯಲ್ಲಿ 65 ದಾಟಿದವರೋ ಶುಗರ್ ಇರುವವರೋ ಇದ್ದರೆ ಆ ದುಡ್ಡಿನಲ್ಲಿ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಹಾಕಿಸಿ. ಯಾವುದು, ಯಾವಾಗ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಈಗಾಗಲೇ ಒಂದು ಡಬ್ಬಿ ತಗೊಂಡಿದ್ದು ಮನೆಯಲ್ಲಿ ಶುಗರ್ ಇರುವವರಿದ್ದರೆ, ಅವರಿಗಂತೂ ಕೊಡಬೇಡಿ.